ಹಾಸನ, ಚಿಕ್ಕಮಗಳೂರಿನ ಯುವ ನಟನಟಿಯರಿಗೆ: ಊರ ನಾಟಕ, ಮೇಳ, ರೆಪರ್ಟರಿ, ಧಾರಾವಾಹಿ, ಸಿನಿಮಾ – ಯಾವ ದಾರಿ ಯಾರಿಗೆ ಹೊಂದುತ್ತದೆ?

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಪ್ರತಿ ವರ್ಷವೂ ಒಂದಷ್ಟು ಹುಡುಗ ಹುಡುಗಿಯರು ಕಾಲೇಜಿನ ಏಕಾಂಕ ಸ್ಪರ್ಧೆಯಲ್ಲೋ ಊರ ಜಾತ್ರೆಯ ನಾಟಕದಲ್ಲೋ ಮೊದಲ ಬಾರಿಗೆ ಬಣ್ಣ ಹಚ್ಚಿ, ಇದನ್ನೇ ಕಸುಬಾಗಿ ಮಾಡಿಕೊಂಡು ಬದುಕಲು ಸಾಧ್ಯವೇ ಎಂದು ಹಿರಿಯರನ್ನು ಕೇಳತೊಡಗುತ್ತಾರೆ. ಅವರಿಗೆ ಸಿಗುವ ಉತ್ತರಗಳು ಸಾಮಾನ್ಯವಾಗಿ ಎರಡೇ. ಬೆಂಗಳೂರಿಗೆ ಹೋಗಿ ಸೀರಿಯಲ್ಲಿಗೆ ಪ್ರಯತ್ನಿಸು ಎಂಬುದು ಒಂದು. ಮೊದಲು ಒಂದು ಕೆಲಸ ಹಿಡಿ, ನಾಟಕ ಆಮೇಲೆ ನೋಡೋಣ ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಕನ್ನಡದಲ್ಲಿ ಇಂದು ನಟನೆಯಿಂದ ಅನ್ನ ದುಡಿಯುತ್ತಿರುವವರನ್ನು ಹತ್ತಿರದಿಂದ ನೋಡಿದರೆ, ಅವರಲ್ಲಿ ಬಹಳಷ್ಟು ಮಂದಿ ಈ ಎರಡು ಉತ್ತರಗಳ ನಡುವಿನ ಹಲವು ದಾರಿಗಳಲ್ಲಿ ನಡೆದವರು, ಒಂದರಿಂದ ಇನ್ನೊಂದಕ್ಕೆ ದಾಟಿದವರು, ಕೆಲವೊಮ್ಮೆ ಎರಡು ಮೂರನ್ನು ಒಟ್ಟಿಗೇ ನಡೆಸಿಕೊಂಡು ಹೋಗುತ್ತಿರುವವರು ಎಂಬುದು ತಿಳಿಯುತ್ತದೆ.

ಆ ದಾರಿಗಳನ್ನು ಇಲ್ಲಿ ಹೋಲಿಸಿ ನೋಡುವಾಗ ಖ್ಯಾತಿಯನ್ನು ನಾನು ಅಳತೆಗೋಲಾಗಿ ಇಟ್ಟುಕೊಂಡಿಲ್ಲ. ಖ್ಯಾತಿ ಪಡೆದವರ ಬದುಕು ಎಲ್ಲರ ಕಣ್ಣಿಗೆ ಬೀಳುತ್ತದೆ. ಅದೇ ದಾರಿಯಲ್ಲಿ ಸದ್ದಿಲ್ಲದೆ ದುಡಿಯುತ್ತಿರುವ ಬಹುಜನರದ್ದು ಬೀಳುವುದಿಲ್ಲ. ಪ್ರತಿ ದಾರಿಗೂ ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ಹಣ ತಿಂಗಳಿಗೊಮ್ಮೆ ಬರುತ್ತದೆಯೇ, ದಿನದ ಲೆಕ್ಕದಲ್ಲಿ ಬರುತ್ತದೆಯೇ, ಅಥವಾ ನಮ್ಮ ಕೈಯಿಂದಲೇ ಹೋಗುತ್ತದೆಯೇ? ವರ್ಷದ ಎಷ್ಟು ಭಾಗ ಮನೆಯಿಂದ ದೂರವಿರಬೇಕು? ಐದು ವರ್ಷ ಕಳೆದ ಮೇಲೆ ನಮ್ಮಲ್ಲಿ ಉಳಿಯುವ ವಿದ್ಯೆ ಯಾವುದು, ಮತ್ತು ಆ ವಿದ್ಯೆಗೆ ಮುಂದೆ ಯಾರು ಕೆಲಸ ಕೊಡುತ್ತಾರೆ? ಮೊದಲ ಕೆಲವು ವರ್ಷಗಳ ಮಟ್ಟಿಗೆ ಈ ಕೊನೆಯ ಪ್ರಶ್ನೆಗೇ ಹೆಚ್ಚಿನ ತೂಕ ಕೊಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಮುಂದಿನ ಹೋಲಿಕೆಯೆಲ್ಲ ಅದರ ಮೇಲೆಯೇ ನಿಂತಿದೆ.

ನಮ್ಮ ಕಡೆಯಿಂದ ಹೋದವರು

ಹಾಸನದ ಬೂವನಹಳ್ಳಿಯಲ್ಲಿ ಹುಟ್ಟಿದ ಯಶ್ ಅವರನ್ನು ಇಡೀ ದೇಶ ಇಂದು ಸಿನಿಮಾ ನಟರೆಂದೇ ಬಲ್ಲದು. ಅವರು ಬೆಂಗಳೂರಿಗೆ ಬಂದ ಮೇಲೆ ಸೇರಿದ್ದು ಬಿ.ವಿ. ಕಾರಂತರು ಕಟ್ಟಿದ ಬೆನಕ ತಂಡವನ್ನು, ಅದೂ ರಂಗದ ಹಿಂದಿನ ಕೆಲಸಕ್ಕೆ. ಅಲ್ಲಿಂದ ಧಾರಾವಾಹಿ, ಧಾರಾವಾಹಿಯ ಬಳಿಕ 2007ರಲ್ಲಿ ಸಿನಿಮಾ. ಕಡೂರು ತಾಲ್ಲೂಕಿನ ಪಂಚನಹಳ್ಳಿಯ ವಿಜಯ್ ಅವರು ಎಂಜಿನಿಯರಿಂಗ್ ಓದಿ, ಪಾಠ ಹೇಳುವ ಕೆಲಸ ಮಾಡಿದವರು; ‘ಸಂಚಾರಿ’ ರಂಗತಂಡದಲ್ಲಿ ನಟಿಸುತ್ತ ಆ ತಂಡದ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡರು. 2014ರ ಸಾಲಿನ ಅತ್ಯುತ್ತಮ ನಟ ರಾಷ್ಟ್ರ ಪ್ರಶಸ್ತಿ ಅವರಿಗೆ ಬಂದಾಗ, ಎಂ.ವಿ. ವಾಸುದೇವ ರಾವ್ ಮತ್ತು ಚಾರುಹಾಸನ್ ಅವರ ನಂತರ ಕನ್ನಡ ಚಿತ್ರವೊಂದರ ಪಾತ್ರಕ್ಕಾಗಿ ಆ ಗೌರವ ಪಡೆದ ಮೂರನೆಯವರು ಅವರಾದರು. 2021ರಲ್ಲಿ ರಸ್ತೆ ಅಪಘಾತದಲ್ಲಿ ಅವರನ್ನು ಕಳೆದುಕೊಂಡದ್ದು ನಮ್ಮ ಜಿಲ್ಲೆಗೆ ಮಾತ್ರವಲ್ಲ, ಕನ್ನಡ ನಟನೆಗೇ ತುಂಬಲಾರದ ನಷ್ಟ. ಅರಸೀಕೆರೆಯ ದೊಡ್ಡಣ್ಣ ಅವರು ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಹವ್ಯಾಸಿ ನಾಟಕಗಳಲ್ಲಿ ಪಳಗಿ, ಆಮೇಲೆ ಸಿನಿಮಾದ ಪೋಷಕ ಪಾತ್ರಗಳಲ್ಲಿ ದೀರ್ಘಕಾಲ ನೆಲೆ ನಿಂತರು.

ಮೂವರ ದಾರಿಗಳು ಬೇರೆ ಬೇರೆ. ಆದರೂ ಮೂವರೂ ಕ್ಯಾಮೆರಾದ ಮುಂದೆ ಬರುವ ಮೊದಲು ತಂಡವೊಂದರಲ್ಲಿ ಕೆಲಸ ಕಲಿತವರು. ನೆರೆಯ ಜಿಲ್ಲೆಗಳ ಕಡೆ ನೋಡಿದರೂ ಇದೇ ಕಾಣುತ್ತದೆ. ತಿಪಟೂರಿನ ಅಚ್ಯುತ್ ಕುಮಾರ್ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನಲ್ಲಿ ಕಲಿತು, ಧಾರಾವಾಹಿಗಳಲ್ಲಿ ದುಡಿದು, ನಂತರ ಸಿನಿಮಾದಲ್ಲಿ ಬೇಡಿಕೆಯ ಪೋಷಕ ನಟರಾದರು. ಚಿತ್ರದುರ್ಗದ ಎಚ್.ಜಿ. ದತ್ತಾತ್ರೇಯ, ಅಂದರೆ ನಮ್ಮೆಲ್ಲರ ದತ್ತಣ್ಣ, ವಾಯುಪಡೆಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಸೇವೆ ಸಲ್ಲಿಸಿ, ನಲವತ್ತು ದಾಟಿದ ಮೇಲೆ ಸಿನಿಮಾಕ್ಕೆ ಬಂದು ರಾಷ್ಟ್ರ ಪ್ರಶಸ್ತಿಯ ಮಟ್ಟಕ್ಕೆ ಏರಿದರು. ಆದ್ದರಿಂದ ರಂಗಭೂಮಿಯೋ ತೆರೆಯೋ ಎಂದು ಮೊದಲೇ ಒಂದನ್ನು ಕಟ್ಟಿಹಾಕಿಕೊಳ್ಳುವ ಅಗತ್ಯವಿಲ್ಲ. ಯಾವುದು ಮೊದಲು, ಯಾವುದು ಆಮೇಲೆ, ಅಲ್ಲಿಯವರೆಗೆ ಮನೆ ನಡೆಯುವುದು ಹೇಗೆ ಎಂಬುದನ್ನು ತೀರ್ಮಾನಿಸಿದರೆ ಸಾಕು.

ಊರಿನಲ್ಲೇ ಇರುವ ಎರಡು ರಂಗಭೂಮಿಗಳು

ಹಾಸನ, ಅರಸೀಕೆರೆ, ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆ ಪೌರಾಣಿಕ ನಾಟಕದ ಪದ್ಧತಿ ಇನ್ನೂ ಗಟ್ಟಿಯಾಗಿದೆ. ಸುಗ್ಗಿ ಮುಗಿದು ಶಿವರಾತ್ರಿ, ಯುಗಾದಿ, ಊರಹಬ್ಬಗಳು ಬರುವ ಹೊತ್ತಿಗೆ ಕುರುಕ್ಷೇತ್ರದ ತಾಲೀಮು ಆರಂಭವಾಗುತ್ತದೆ. ಹಾರ್ಮೋನಿಯಂ ಮೇಷ್ಟ್ರು ವಾರಗಟ್ಟಲೆ ಕೂತು ಒಬ್ಬೊಬ್ಬರಿಗೂ ಕಂದ, ವೃತ್ತ ಎಂಬ ಪದ್ಯಗಳ, ರಂಗಗೀತೆಗಳ ಮಟ್ಟು ಹಾಕಿಕೊಡುತ್ತಾರೆ. ಇಲ್ಲಿನ ಆರ್ಥಿಕ ವ್ಯವಸ್ಥೆಯನ್ನು ಹೊರಗಿನವರು ಕೇಳಿದರೆ ಅಚ್ಚರಿಪಡುತ್ತಾರೆ. ಪಾತ್ರಧಾರಿಗೆ ಸಂಭಾವನೆಯಿಲ್ಲ, ಬದಲಾಗಿ ಪಾತ್ರಕ್ಕೆ ಅವನೇ ಹಣ ಕಟ್ಟುತ್ತಾನೆ. ದುರ್ಯೋಧನ, ಕೃಷ್ಣ, ಕರ್ಣ, ಭೀಮರಂತಹ ಪಾತ್ರಗಳಿಗೆ ಹೆಚ್ಚು, ಚಿಕ್ಕ ಪಾತ್ರಗಳಿಗೆ ಕಡಿಮೆ. ಹಾಗೆ ಕೂಡಿದ ಹಣದಲ್ಲಿ ಸೀನರಿ, ಮೈಕು, ಮೇಷ್ಟ್ರ ಸಂಭಾವನೆ, ಊಟ ಎಲ್ಲವೂ ನಡೆಯಬೇಕು.

ಅದೇ ವೇದಿಕೆಯ ಮೇಲೆ ಹಣ ಪಡೆದು ನಟಿಸುವವರೂ ಇರುತ್ತಾರೆ, ಅವರು ಸ್ತ್ರೀ ಪಾತ್ರಗಳನ್ನು ಮಾಡುವ ಕಲಾವಿದೆಯರು. ದ್ರೌಪದಿ, ಕುಂತಿ, ರುಕ್ಮಿಣಿ, ಉತ್ತರೆಯರ ಮಾತು ಹಾಡುಗಳೆಲ್ಲ ಅವರಿಗೆ ಬಾಯಿಪಾಠ. ಬಹುತೇಕ ಬೇರೆ ಊರುಗಳಿಂದ ಬಂದು, ಕೊನೆಯ ತಾಲೀಮಿಗೆ ಸೇರಿಕೊಂಡು, ರಾತ್ರಿಯಿಡೀ ಆಡಿ, ಬೆಳಿಗ್ಗೆ ಇನ್ನೊಂದು ಊರಿಗೆ ಹೊರಡುತ್ತಾರೆ. ವೃತ್ತಿನಟಿ ಎಂಬ ಮಾತಿಗೆ ಪೂರ್ಣವಾಗಿ ಅರ್ಹರಾದ ಈ ಹೆಂಗಸರನ್ನು ನಟನಾವೃತ್ತಿಯ ಚರ್ಚೆಗಳಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ದೊಡ್ಡ ಅನ್ಯಾಯ. ಹಾಡಲು ಬರುವ, ನೆನಪಿನ ಶಕ್ತಿ ಚೆನ್ನಾಗಿರುವ ಹೆಣ್ಣುಮಗಳಿಗೆ ಇದು ನಿಜವಾಗಿಯೂ ದುಡಿಮೆ ಕೊಡುವ ದಾರಿ. ಆದರೆ ಮಳೆಗಾಲದಲ್ಲಿ ಕೆಲಸವಿಲ್ಲ, ರಾತ್ರಿ ಪ್ರಯಾಣ ತಪ್ಪುವುದಿಲ್ಲ, ಸಂಬಳದ ಭದ್ರತೆಯಿಲ್ಲ. ಜೊತೆಗೆ ಒಬ್ಬರಾದರೂ ನಂಬಿಕಸ್ಥರಿಲ್ಲದೆ ಈ ತಿರುಗಾಟಕ್ಕೆ ಇಳಿಯಬಾರದು.

ಗಂಡು ಪಾತ್ರಧಾರಿಗೆ ಇಲ್ಲಿಂದ ಆದಾಯ ಬರುವುದಿಲ್ಲವಾದರೂ ವಿದ್ಯೆ ಬರುತ್ತದೆ. ಉಸಿರು ಹಿಡಿದು ಪದ್ಯ ಎತ್ತುವುದು, ರಾತ್ರಿಯಿಡೀ ದನಿ ಬೀಳದಂತೆ ಕಾಯ್ದುಕೊಳ್ಳುವುದು, ಸಾವಿರ ಜನರ ಗದ್ದಲದ ನಡುವೆ ಮಾತನ್ನು ತಲುಪಿಸುವುದು – ಇವನ್ನು ಯಾವ ನಟನಾ ಶಾಲೆಯೂ ಇಷ್ಟು ಚೆನ್ನಾಗಿ ಕಲಿಸಲಾರದು. ಎದುರಿನವನ ಮಾತನ್ನು ಕೇಳಿ ಉತ್ತರಿಸುವ ನಟನೆ, ತಂಡವಾಗಿ ದೃಶ್ಯ ಕಟ್ಟುವ ಅಭ್ಯಾಸ ಇಲ್ಲಿ ಅಷ್ಟಾಗಿ ಬರುವುದಿಲ್ಲ. ಅದು ಬರುವುದು ಹವ್ಯಾಸಿ ತಂಡಗಳಲ್ಲಿ, ಅಂದರೆ ಹಾಸನಾಂಬ ಕಲಾಕ್ಷೇತ್ರದಲ್ಲಿ ಅಥವಾ ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಲ್ಲಿ ಆಧುನಿಕ ನಾಟಕಗಳನ್ನು ಆಡುವ, ಮೇಷ್ಟ್ರುಗಳು, ಬ್ಯಾಂಕು ನೌಕರರು, ವಿದ್ಯಾರ್ಥಿಗಳು ಸೇರಿ ಕಟ್ಟಿದ ತಂಡಗಳಲ್ಲಿ. ಇಲ್ಲಿಯೂ ದುಡಿಮೆಯಿಲ್ಲ, ಬೆಳಕು, ಬಾಡಿಗೆ, ಪ್ರಚಾರಗಳ ಖರ್ಚು ಕಳೆದರೆ ಉಳಿಯುವುದು ಅಪರೂಪ. ನಟನೆ ತನಗೆ ಒಗ್ಗುತ್ತದೆಯೇ ಎಂದು ತಿಳಿಯಲು ಮನೆ, ಓದು ಬಿಡದೆ ಸಿಗುವ ಅವಕಾಶ ಇದೊಂದೇ ಆದ್ದರಿಂದ, ಬೇರೆ ಯಾವ ದಾರಿ ಹಿಡಿಯುವವರೂ ಕನಿಷ್ಠ ಎರಡು ಮೂರು ನಾಟಕಗಳನ್ನು ಇಂಥ ತಂಡದಲ್ಲಿ ಆಡಿಯೇ ಮುಂದೆ ಹೋಗಬೇಕು. ರಂಗಶಾಲೆಗಳ ಸಂದರ್ಶನದಲ್ಲಿಯೂ ಈ ಅನುಭವವನ್ನು ಕೇಳುತ್ತಾರೆ.

ರಂಗಶಾಲೆ ಮತ್ತು ರೆಪರ್ಟರಿ

ಕನ್ನಡದ ಯುವ ನಟರ ಪಾಲಿಗೆ ದೊಡ್ಡ ಭಾಗ್ಯವೆಂದರೆ, ತಮ್ಮ ಭಾಷೆಯಲ್ಲಿಯೇ, ತಮ್ಮ ಕೈಗೆಟಕುವ ದೂರದಲ್ಲಿಯೇ ರಂಗಶಾಲೆಗಳಿರುವುದು. ಸಾಗರದ ಬಳಿಯ ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ನೀನಾಸಂ, ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ‘ತಿರುಗಾಟ’ ರೆಪರ್ಟರಿಯನ್ನೂ (ನಾಟಕಗಳನ್ನು ಸಿದ್ಧಪಡಿಸಿಕೊಂಡು ಆಡುತ್ತ ಹೋಗುವ ನಟರ ತಂಡ) ಶುರುಮಾಡಿತು. ಮೈಸೂರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಹುಟ್ಟಿದ ರಂಗಾಯಣ ಸರ್ಕಾರಿ ರೆಪರ್ಟರಿ. ಅಲ್ಲಿಯೂ ಒಂದು ವರ್ಷದ ರಂಗಶಿಕ್ಷಣವಿದೆ, ಮತ್ತು ಶಿವಮೊಗ್ಗ, ಧಾರವಾಡ, ಕಲಬುರಗಿಗಳಲ್ಲಿ ಅದರ ಸಹೋದರ ಸಂಸ್ಥೆಗಳಿವೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ನಮ್ಮ ಅಜ್ಜಂಪುರದ ಕಡೆಯವರಿಗೆ ನೆರೆಯ ಊರೇ. ಅಲ್ಲಿನ ಮಠದ ಆಶ್ರಯದಲ್ಲಿ 1997ರಿಂದ ‘ಶಿವಸಂಚಾರ’ ತಂಡ ನಾಡು ಸುತ್ತುತ್ತಿದೆ, ರಂಗಶಾಲೆಯೂ ಇದೆ. ಇವಲ್ಲದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯದು ಮೂರು ವರ್ಷದ ಕೋರ್ಸು. ಪದವಿ, ರಂಗಾನುಭವ ಎರಡೂ ಬೇಕು, ದೇಶದಾದ್ಯಂತದ ಅಭ್ಯರ್ಥಿಗಳಲ್ಲಿ ಕೆಲವೇ ಮಂದಿಗೆ ಪ್ರವೇಶ. ಅದರ ಬೆಂಗಳೂರು ಕೇಂದ್ರದಲ್ಲಿ ಒಂದು ವರ್ಷದ ತರಬೇತಿ ದೊರೆಯುತ್ತದೆ.

ಇವುಗಳಲ್ಲಿ ಯಾವುದನ್ನು ಆರಿಸಬೇಕು? ಹಳ್ಳಿಯಲ್ಲಿದ್ದುಕೊಂಡು, ಅಡುಗೆಮನೆಯಿಂದ ಹಿಡಿದು ಬೆಳಕಿನ ವಿನ್ಯಾಸದವರೆಗೆ ಎಲ್ಲದರಲ್ಲೂ ಕೈಹಾಕಿ, ಸಾಹಿತ್ಯವನ್ನೂ ಓದುತ್ತ ಕಲಿಯಬೇಕೆನ್ನುವವರಿಗೆ ಹೆಗ್ಗೋಡು ಸರಿ. ನಗರದಲ್ಲಿದ್ದು, ನಿರಂತರವಾಗಿ ಪ್ರದರ್ಶನಗಳನ್ನು ನೋಡುತ್ತ, ಬೇರೆ ಬೇರೆ ನಿರ್ದೇಶಕರ ಕೈಕೆಳಗೆ ಕಲಿಯಬೇಕೆನ್ನುವವರಿಗೆ ಮೈಸೂರು ಸರಿ. ಹಣದ ಅನುಕೂಲ ತೀರ ಕಡಿಮೆಯಿದ್ದು, ಆಶ್ರಮದ ಶಿಸ್ತಿಗೆ ಒಗ್ಗಿಕೊಳ್ಳಬಲ್ಲವರು ಸಾಣೇಹಳ್ಳಿಯನ್ನು ನೋಡಬೇಕು. ದೆಹಲಿಯನ್ನು ಮೊದಲ ಆಯ್ಕೆಯಾಗಿ ಇಟ್ಟುಕೊಳ್ಳುವುದಕ್ಕಿಂತ, ಕನ್ನಡದಲ್ಲಿ ಒಂದು ವರ್ಷ ಕಲಿತು, ಒಂದೆರಡು ವರ್ಷ ಆಡಿ, ಆಮೇಲೆ ಅರ್ಜಿ ಹಾಕುವುದು ಜಾಣತನ.

ಶಾಲೆ ಮುಗಿದವರಿಗೆ ರೆಪರ್ಟರಿಯ ವರ್ಷ ಬಹಳ ಮುಖ್ಯ. ಎರಡು ಮೂರು ನಾಟಕಗಳನ್ನು ಸಿದ್ಧಪಡಿಸಿಕೊಂಡು ತಂಡ ತಿಂಗಳುಗಟ್ಟಲೆ ಊರೂರು ಸುತ್ತುತ್ತದೆ. ನಟರೇ ಸೆಟ್ಟು ಇಳಿಸುತ್ತಾರೆ, ಕಟ್ಟುತ್ತಾರೆ, ಆಡುತ್ತಾರೆ, ಮತ್ತೆ ಲಾರಿಗೆ ಏರಿಸುತ್ತಾರೆ. ತಿಂಗಳ ಗೌರವಧನ, ಊಟ, ವಸತಿ ಸಿಗುತ್ತದೆ. ಒಬ್ಬರ ಖರ್ಚಿಗೆ ಅದು ಸಾಕಾದೀತು, ಸಂಸಾರಕ್ಕೆ ಸಾಲದು. ಒಂದೇ ಪಾತ್ರವನ್ನು ಹತ್ತಾರು ಊರುಗಳಲ್ಲಿ, ಹತ್ತಾರು ಬಗೆಯ ಪ್ರೇಕ್ಷಕರೆದುರು ಆಡಿದಾಗ ಬರುವ ಪಕ್ವತೆ ಬೇರೆ ಯಾವ ರೀತಿಯಿಂದಲೂ ಬರುವುದಿಲ್ಲ. ನಿರ್ದೇಶಕರು ‘ರಂಗಭೂಮಿಯವರು’ ಎಂದು ನಂಬಿ ಕರೆಯುವುದು ಈ ಪಕ್ವತೆಯನ್ನು. ಕಾಯಂ ನೌಕರಿಯ ಆಸೆಯಿಂದ ಮಾತ್ರ ಯಾರೂ ಇದಕ್ಕೆ ಸೇರಬಾರದು. ಮೈಸೂರು ರಂಗಾಯಣದ ಆರಂಭದ ಕಲಾವಿದರಿಗೆ ಸಂಬಳದ ನೆಲೆ ಸಿಕ್ಕಿತ್ತು. ಇಂದಿನ ಹೊಸಬರಿಗೆ ಸಿಗುವುದು ಸಾಮಾನ್ಯವಾಗಿ ನಿಗದಿತ ಅವಧಿಯ ಕೆಲಸ.

ಮೇಳ ಮತ್ತು ಕಂಪನಿ

ಶೃಂಗೇರಿ, ಕೊಪ್ಪ, ನರಸಿಂಹರಾಜಪುರ, ಕಳಸದ ಕಡೆಯ ಮಕ್ಕಳಿಗೆ ಯಕ್ಷಗಾನ ಮನೆಯಂಗಳದ ಕಲೆ. ಕರಾವಳಿಯ ವೃತ್ತಿಮೇಳಗಳು ದೀಪಾವಳಿಯ ನಂತರ ಹೊರಟು ಮೇ ಕೊನೆಯ ಪತ್ತನಾಜೆಯ (ತಿರುಗಾಟ ಮುಗಿಸುವ ದಿನ) ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ಹರಕೆಯಾಟಗಳಿರುವ ದೇವಸ್ಥಾನದ ಮೇಳಗಳಲ್ಲಿ ಆಟದ ದಿನಗಳು ಮೊದಲೇ ನಿಗದಿಯಾಗಿರುವುದರಿಂದ, ಇಡೀ ಕರ್ನಾಟಕದ ಪ್ರದರ್ಶನ ಕಲೆಗಳಲ್ಲಿ ಇಷ್ಟು ಖಚಿತವಾದ ಆರು ತಿಂಗಳ ದುಡಿಮೆ ಇನ್ನೊಂದಿಲ್ಲ ಎನ್ನಬಹುದು. ಮಳೆಗಾಲದಲ್ಲಿ ಬೆಂಗಳೂರು, ಮುಂಬೈಗಳ ಪ್ರದರ್ಶನಗಳು, ವೇಷವಿಲ್ಲದೆ ಕೂತು ಅರ್ಥ ಹೇಳುವ ತಾಳಮದ್ದಲೆ, ಮಕ್ಕಳಿಗೆ ಹೆಜ್ಜೆ ಕಲಿಸುವ ತರಗತಿಗಳು ಕೈಹಿಡಿಯುತ್ತವೆ.

ಆದರೆ ಇದು ತಡವಾಗಿ ಸೇರುವ ದಾರಿಯಲ್ಲ. ಕೋಡಂಗಿ, ಬಾಲಗೋಪಾಲರಂಥ ಚಿಕ್ಕ ವೇಷಗಳಿಂದ ಆರಂಭಿಸಿ, ಪೀಠಿಕೆ ಸ್ತ್ರೀವೇಷ, ಒಡ್ಡೋಲಗಗಳನ್ನು ದಾಟಿ ದೊಡ್ಡ ವೇಷಕ್ಕೆ ಏರಲು ವರ್ಷಗಳು ಬೇಕು. ತಾಳ, ಹೆಜ್ಜೆ, ಪ್ರಸಂಗಜ್ಞಾನ, ಆಶುವಾಗಿ ಅರ್ಥ ಹೇಳುವ ಸಾಮರ್ಥ್ಯ ಎಲ್ಲವೂ ಒಟ್ಟಿಗೆ ಬೇಕು. ಹದಿಹರೆಯದಲ್ಲಿ ಕಲಿತವರಿಗೆ ಇದು ಸಲೀಸು, ಪದವಿ ಮುಗಿಸಿ ಯೋಚಿಸುವವರಿಗೆ ಕಷ್ಟ. ಹಲವು ಮೇಳಗಳು ಇಡೀ ರಾತ್ರಿಯ ಆಟದಿಂದ ಕಾಲಮಿತಿಯ ಆಟಕ್ಕೆ ಹೊರಳಿರುವುದರಿಂದ ದೇಹದ ಮೇಲಿನ ಭಾರ ಸ್ವಲ್ಪ ಇಳಿದಿದೆ. ವೃತ್ತಿಮೇಳಗಳು ಬಹುಮಟ್ಟಿಗೆ ಗಂಡಸರದ್ದೇ ಆಗಿ ಉಳಿದಿವೆ. ಹೆಣ್ಣುಮಕ್ಕಳು ಚೆನ್ನಾಗಿ ಕುಣಿಯುತ್ತಿರುವುದು ಹವ್ಯಾಸಿ ಮತ್ತು ಮಹಿಳಾ ತಂಡಗಳಲ್ಲಿ. ಕ್ಯಾಮೆರಾದ ಕಡೆಗೆ ಹೋಗುವ ಉದ್ದೇಶವಿದ್ದರೆ, ಮೇಳದ ಮಾತುಗಾರಿಕೆ ಮತ್ತು ಆಂಗಿಕ ಶಿಸ್ತು ದೊಡ್ಡ ಆಸ್ತಿ. ಅದನ್ನು ಸಣ್ಣ ಪ್ರಮಾಣಕ್ಕೆ ಇಳಿಸಿಕೊಳ್ಳುವುದನ್ನು ಮಾತ್ರ ಬೇರೆಯಾಗಿಯೇ ಕಲಿಯಬೇಕಾಗುತ್ತದೆ.

ಕಂಪನಿ ನಾಟಕದ ವಿಷಯ ಚಿಕ್ಕದು. ಗುಬ್ಬಿ ವೀರಣ್ಣನವರ ಕಂಪನಿಯಂತಹವು ಡಾ. ರಾಜ್‌ಕುಮಾರ್ ಅವರಂಥವರನ್ನು ರೂಪಿಸಿದ ಕಾಲ ಹಳೆ ಮೈಸೂರಿನಲ್ಲಿ ಮುಗಿದಿದೆ. ಈಗ ಕಂಪನಿಗಳು ಹೆಚ್ಚಾಗಿ ಉತ್ತರ ಕರ್ನಾಟಕದ ಬಾದಾಮಿ ಬನಶಂಕರಿಯಂತಹ ಜಾತ್ರೆಗಳ ಕ್ಯಾಂಪುಗಳಲ್ಲಿ ಬದುಕಿವೆ. ಹಾಸ್ಯಪಾತ್ರದ ಹದ, ಪ್ರೇಕ್ಷಕರ ನಾಡಿ ಹಿಡಿಯುವ ಬಗೆ ಕಲಿಯಬೇಕೆನ್ನುವವರು ಒಂದು ಋತುವಿಗೆ ಹೋಗಿ ಬರಬಹುದೇ ಹೊರತು, ನಮ್ಮ ಕಡೆಯವರಿಗೆ ಜೀವನದ ದಾರಿಯಾಗಿ ಇದನ್ನು ಸೂಚಿಸಲಾರೆ.

ಧಾರಾವಾಹಿ

ಎಲ್ಲರ ಕಣ್ಣೂ ಇರುವುದು ಇಲ್ಲಿ, ಮತ್ತು ಅದಕ್ಕೆ ನ್ಯಾಯವಾದ ಕಾರಣವಿದೆ. ಕನ್ನಡ ವಾಹಿನಿಗಳಲ್ಲಿ ವಾರದ ಬಹುತೇಕ ದಿನಗಳಲ್ಲಿ ಪ್ರಸಾರವಾಗುವ ಧಾರಾವಾಹಿಗಳು ನಟರಿಗೆ ನಿಯಮಿತವಾಗಿ ದುಡಿಮೆ ಕೊಡುತ್ತಿವೆ. ಸಂಭಾವನೆ ಚಿತ್ರೀಕರಣದ ದಿನದ ಲೆಕ್ಕದಲ್ಲಿರುತ್ತದೆ. ಮುಖ್ಯ ಪಾತ್ರದವರಿಗೆ ತಿಂಗಳಿನಲ್ಲಿ ಹೆಚ್ಚು ದಿನ ಕೆಲಸವಿರುತ್ತದೆ. ಅತ್ತೆ, ಮಾವ, ಚಿಕ್ಕಪ್ಪನ ಪಾತ್ರದವರಿಗೆ ಕೆಲವೇ ದಿನ, ಹಾಗಾಗಿ ಅವರು ಎರಡು ಮೂರು ಧಾರಾವಾಹಿಗಳನ್ನು ಒಟ್ಟಿಗೆ ಹಿಡಿದುಕೊಂಡಿರುತ್ತಾರೆ. ಮಾಡಿದ ಕೆಲಸದ ಹಣ ಅದೇ ತಿಂಗಳು ಕೈಸೇರುತ್ತದೆ ಎಂದುಕೊಂಡು ಮನೆ ಬಾಡಿಗೆಯ ಲೆಕ್ಕ ಹಾಕಬಾರದು. ಕಥೆಯ ಟ್ರ್ಯಾಕ್ ಬದಲಾದರೆ ಪಾತ್ರವೇ ವಿದೇಶಕ್ಕೆ ಹೋಗಿಬಿಡಬಹುದು. ಟಿಆರ್‌ಪಿ ಇಳಿದರೆ ಇಡೀ ಧಾರಾವಾಹಿಯೇ ಬೇಗನೆ ಮುಗಿಯಬಹುದು.

ಕಲಿಕೆಯ ದೃಷ್ಟಿಯಿಂದ ನೋಡಿದರೆ, ಕ್ಯಾಮೆರಾದ ಭಯ ಹೋಗುವುದು, ಬೆಳಕಿನ ಜಾಗದಲ್ಲಿ ನಿಲ್ಲುವುದು, ಬೆಳಿಗ್ಗೆ ಕೈಗೆ ಬಂದ ಸಂಭಾಷಣೆಯನ್ನು ಕೂಡಲೇ ಆಡುವುದು – ಇವೆಲ್ಲ ಬೇಗ ಬರುತ್ತವೆ. ಆದರೆ ಮಾತನ್ನು ಪಕ್ಕದಿಂದ ಪ್ರಾಂಪ್ಟ್ ಮಾಡುವ ರೂಢಿಗೆ, ಒಂದೇ ಬಗೆಯ ಭಾವವನ್ನು ನೂರಾರು ಕಂತುಗಳವರೆಗೆ ಎಳೆಯುವ ರೂಢಿಗೆ ಹೊಸ ನಟ ಒಮ್ಮೆ ಒಗ್ಗಿಬಿಟ್ಟರೆ ಹೊರಬರುವುದು ಕಷ್ಟ. ರಂಗಭೂಮಿಯ ತಳಪಾಯವಿದ್ದು ಧಾರಾವಾಹಿಗೆ ಹೋದವರು ಮುಂದೆ ಬೇರೆಡೆಗೆ ದಾಟುತ್ತಾರೆ. ತಳಪಾಯವಿಲ್ಲದೆ, ಮುಖಲಕ್ಷಣದ ಬಲದಿಂದ ನಾಯಕ ನಾಯಕಿಯರಾಗಿ ಹೋದವರಲ್ಲಿ ಅನೇಕರಿಗೆ ಒಂದು ಧಾರಾವಾಹಿ ಮುಗಿದ ಮೇಲೆ ಇನ್ನೊಂದು ಸಿಗುವುದು ಕಷ್ಟವಾಗುತ್ತದೆ. ಮುಖ್ಯಪಾತ್ರದ ಒಪ್ಪಂದಗಳಲ್ಲಿ ಬೇರೆ ವಾಹಿನಿಯಲ್ಲಿ ಕೆಲಸ ಮಾಡಬಾರದೆಂಬ ಷರತ್ತು ಇರುವುದುಂಟು, ಅದನ್ನು ಓದಿಯೇ ಸಹಿ ಹಾಕಬೇಕು.

ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮೂಲಕ ಬೆಂಗಳೂರಿಗೆ 2017ರಿಂದ ನೇರ ರೈಲಿರುವುದರಿಂದ ಆಡಿಷನ್ನಿಗೆ ಹೋಗಿಬರುವುದು ಸುಲಭವಾಗಿದೆ. ಆದರೆ ಧಾರಾವಾಹಿಯ ಕರೆ ಹಿಂದಿನ ದಿನ ಸಂಜೆ ಬರುವಂಥದ್ದು. ಊರಿನಲ್ಲಿ ಇದ್ದುಕೊಂಡು ಈ ಕೆಲಸವನ್ನು ನೆಚ್ಚಿಕೊಳ್ಳಲು ಆಗದು. ಬೆಂಗಳೂರಿನಲ್ಲಿ ಮನೆ ಮಾಡುವವರು, ಆದಾಯವೇ ಇಲ್ಲದೆ ಕನಿಷ್ಠ ಆರು ತಿಂಗಳು ನಡೆಯುವಷ್ಟು ಹಣವನ್ನು ಮೊದಲೇ ಕೂಡಿಟ್ಟುಕೊಳ್ಳಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಕೆಲಸವಿಲ್ಲದ ಸಂಜೆಗಳಿಗೆ ರಂಗಶಂಕರ ಎಂಬ ರಂಗಮಂದಿರ ಇದೆ. 2004ರಿಂದ ಅಲ್ಲಿ ಸೋಮವಾರ ಬಿಟ್ಟು ದಿನವೂ ನಾಟಕ ನಡೆಯುತ್ತ ಬಂದಿದೆ, ಮತ್ತು ತಂಡಗಳವರ ಪರಿಚಯವಾಗುವುದು ಅಂಥ ಜಾಗಗಳಲ್ಲಿಯೇ.

ಸಿನಿಮಾ

ಸಕಲೇಶಪುರದ ತೋಟಗಳಲ್ಲಿ, ಮುಳ್ಳಯ್ಯನಗಿರಿಯ ತಪ್ಪಲಿನಲ್ಲಿ ಚಿತ್ರೀಕರಣ ನಡೆಯುವಾಗ ಸ್ಥಳೀಯರನ್ನು ಗುಂಪಿನ ದೃಶ್ಯಗಳಿಗೆ ಕರೆಯುತ್ತಾರೆ. ಹೋಗಿ ನೋಡುವುದರಲ್ಲಿ ತಪ್ಪೇನಿಲ್ಲ, ಸೆಟ್ಟಿನ ಕೆಲಸ ಹೇಗೆ ನಡೆಯುತ್ತದೆಂದು ತಿಳಿಯುತ್ತದೆ. ಅಲ್ಲಿಂದ ಪಾತ್ರಕ್ಕೆ ದಾಟುವುದು ಮಾತ್ರ ಬಹಳ ಅಪರೂಪ.

ಸಿನಿಮಾ ನಟನೆಯಲ್ಲಿ ಮೂರು ಬೇರೆ ಬೇರೆ ಕಸುಬುಗಳಿವೆ ಎಂದು ತಿಳಿದರೆ ಗೊಂದಲ ಕಡಿಮೆಯಾಗುತ್ತದೆ. ನಾಯಕ ನಟನೆಯದು ಅಭಿನಯದಷ್ಟೇ ಬಂಡವಾಳ ಮತ್ತು ಮಾರುಕಟ್ಟೆಯ ವಿಷಯ. ಅದನ್ನು ಯೋಜನೆ ಹಾಕಿ ಪಡೆಯಲು ಬರುವುದಿಲ್ಲ. ಜೂನಿಯರ್ ಆರ್ಟಿಸ್ಟ್ ಕೆಲಸ ದಿನಗೂಲಿಯದು. ಅದರಲ್ಲಿ ಎಷ್ಟು ವರ್ಷ ದುಡಿದರೂ ನಟನೆಯ ವಿದ್ಯೆ ಬೆಳೆಯುವುದಿಲ್ಲ. ಇವೆರಡರ ನಡುವಿನ ಪೋಷಕ ನಟನೆ ಮಾತ್ರ ಕಲಿತವರಿಗೆ ನಿಲ್ಲಲು ನೆಲವಿರುವ ಕಸುಬು. ಒಂದು ಚಿತ್ರದಲ್ಲಿ ಕೆಲವೇ ದಿನದ ಕೆಲಸ, ವರ್ಷಕ್ಕೆ ಹಲವು ಚಿತ್ರ. ವಯಸ್ಸಾದಷ್ಟೂ ಪಾತ್ರಗಳು ಬದಲಾಗುತ್ತವೆಯೇ ಹೊರತು ಕಡಿಮೆಯಾಗುವುದಿಲ್ಲ, ಗಂಡಸರ ಮಟ್ಟಿಗಂತೂ ಇದು ನಿಜ. ನಟಿಯರಿಗೆ ಮೂವತ್ತೈದರಿಂದ ಐವತ್ತರ ನಡುವೆ ಬರೆಯಲಾಗುವ ಪಾತ್ರಗಳೇ ಕಡಿಮೆ. ಇದು ಉದ್ಯಮದ ದೋಷ, ಮತ್ತು ಆ ವರ್ಷಗಳಲ್ಲಿ ರಂಗಭೂಮಿ ಅವರಿಗೆ ಹೆಚ್ಚು ಗೌರವದ ಜಾಗವನ್ನು ಕೊಡುತ್ತದೆ. ಗುಬ್ಬಿ ವೀರಣ್ಣನವರ ಮೊಮ್ಮಗಳಾದ ಬಿ. ಜಯಶ್ರೀ ಅವರು ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಸ್ವಂತ ತಂಡ ಕಟ್ಟಿ, ಗಾಯನ, ಕಂಠದಾನ, ನಿರ್ದೇಶನ, ನಟನೆಗಳನ್ನೆಲ್ಲ ಒಟ್ಟಿಗೆ ನಡೆಸಿದ ರೀತಿಯನ್ನು ಹೊಸ ನಟಿಯರು ಗಮನವಿಟ್ಟು ನೋಡಬೇಕು.

ನಮ್ಮ ಭಾಗದ ನಟರಿಗೆ ಸಿನಿಮಾದಲ್ಲಿ ಇರುವ ಒಂದು ಅನುಕೂಲವನ್ನು ಹೇಳಲೇಬೇಕು. ಧಾರಾವಾಹಿಗೆ ಬೆಂಗಳೂರು–ಮೈಸೂರಿನ ಸಪಾಟಾದ ಮಾತು ಸಾಕು. ಇತ್ತೀಚಿನ ಸಿನಿಮಾಗಳಿಗೆ ಊರಿನ ಮಾತು ಬೇಕು. ಅರಸೀಕೆರೆಯ ಬಯಲುಸೀಮೆಯ ಮಾತು, ಮೂಡಿಗೆರೆ–ಕೊಪ್ಪದ ಮಲೆನಾಡಿನ ಮಾತು ಎರಡನ್ನೂ ತಪ್ಪಿಲ್ಲದೆ ಆಡಬಲ್ಲವರು, ಬೇಕೆಂದಾಗ ಗ್ರಂಥಭಾಷೆಯನ್ನೂ ಸ್ಪಷ್ಟವಾಗಿ ಉಚ್ಚರಿಸಬಲ್ಲವರು ಆಡಿಷನ್ನಿನಲ್ಲಿ ಎದ್ದು ಕಾಣುತ್ತಾರೆ.

ದನಿಯ ಕೆಲಸ, ಕಲಿಸುವ ಕೆಲಸ

ಇವೆರಡನ್ನು ನಟರು ಪಕ್ಕದ ಕೆಲಸವೆಂದು ಕಾಣುತ್ತಾರೆ. ಸಾಮಾನ್ಯವಾಗಿ ಮನೆ ನಡೆಸುವುದು ಇವೇ. ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದರ ಮೇಲಿದ್ದ ಅನಧಿಕೃತ ತಡೆಯ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ನೀಡಿದ ಬಳಿಕ, ಮತ್ತು ಮುಖ್ಯವಾಗಿ 2020ರ ಲಾಕ್‌ಡೌನ್ ಕಾಲದಲ್ಲಿ ಡಬ್ ಆದ ಧಾರಾವಾಹಿಗಳು ವಾಹಿನಿಗಳಿಗೆ ಬಂದ ಬಳಿಕ, ಕನ್ನಡದಲ್ಲಿ ಕಂಠದಾನದ ಕೆಲಸ ಬಹಳ ಹೆಚ್ಚಿದೆ. ಡಬ್ಬಿಂಗಿನಿಂದ ಕನ್ನಡದ ಮೂಲ ಕೃತಿಗಳಿಗೆ ತೊಂದರೆ ಎಂದು ವಾದಿಸಿದ ಹಿರಿಯರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಅದರ ಜೊತೆಗೆ, ಪೌರಾಣಿಕ ನಾಟಕದಲ್ಲಿ ಪಳಗಿದ ದನಿಗೆ ಪುರಾಣದ ಧಾರಾವಾಹಿಯ ಕಂಠದಾನದಲ್ಲಿ ಕೆಲಸ ಸಿಗುತ್ತಿರುವುದೂ ನಿಜ. ಮುಖ, ವಯಸ್ಸು, ಎತ್ತರ ಇಲ್ಲಿ ಅಡ್ಡಬರುವುದಿಲ್ಲ.

ರಂಗಶಿಕ್ಷಣ ಪಡೆದವರಿಗೆ ಶಾಲೆಗಳಲ್ಲಿ, ಬೇಸಿಗೆ ಶಿಬಿರಗಳಲ್ಲಿ, ಕಾಲೇಜು ನಾಟಕಗಳ ನಿರ್ದೇಶನದಲ್ಲಿ ಕೆಲಸವಿದೆ. ನೀನಾಸಂ, ರಂಗಾಯಣಗಳನ್ನು ಕಂಡ ಮಂಡ್ಯ ರಮೇಶ್ ಅವರು ಮೈಸೂರಿನಲ್ಲಿ ‘ನಟನ’ ಸಂಸ್ಥೆಯನ್ನು ಕಟ್ಟಿ, ಕಲಿಸುತ್ತಲೇ ನಾಟಕ, ಕಿರುತೆರೆ, ಸಿನಿಮಾಗಳಲ್ಲಿ ನಟಿಸುತ್ತ ಬಂದಿರುವುದು ಒಳ್ಳೆಯ ಉದಾಹರಣೆ. ಹಾಸನ ಅಥವಾ ಚಿಕ್ಕಮಗಳೂರಿನಲ್ಲಿ ವರ್ಷವಿಡೀ ಮಕ್ಕಳ ರಂಗತರಗತಿ ನಡೆಸುವಷ್ಟು ಬೇಡಿಕೆ ಖಂಡಿತ ಇದೆ, ಕಲಿತವರು ಊರಿಗೆ ಮರಳುತ್ತಿಲ್ಲ ಅಷ್ಟೆ.

ಸಹಿ ಹಾಕುವ ಮುನ್ನ

ಯಾವ ದಾರಿಯಾದರೂ, ಅವಕಾಶ ಕೊಡುವುದಕ್ಕೆ ಹಣ ಕೇಳುವವರನ್ನು ನಂಬಬಾರದು. ತರಬೇತಿಗೆ ಶುಲ್ಕ ಕೊಡುವುದು ಬೇರೆ. ಆಡಿಷನ್ ನೋಂದಣಿ, ಆರ್ಟಿಸ್ಟ್ ಕಾರ್ಡು, ಪಾತ್ರದ ಠೇವಣಿ ಎಂದು ಕೇಳುವುದು ಬೇರೆ. ಊರ ಪೌರಾಣಿಕ ನಾಟಕದಲ್ಲಿ ಪಾತ್ರಕ್ಕೆ ಹಣ ಕಟ್ಟಿ ರೂಢಿಯಾದವರು ಸಿನಿಮಾದಲ್ಲೂ ಅದೇ ಪದ್ಧತಿಯಿರಬಹುದೆಂದು ಸುಲಭವಾಗಿ ಮೋಸಹೋಗುತ್ತಾರೆ. ಹೆಣ್ಣುಮಕ್ಕಳು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಚಿತ್ರೀಕರಣದ ಸ್ಥಳಕ್ಕೂ ನಾಟಕ ತಂಡಕ್ಕೂ ಅನ್ವಯಿಸುತ್ತದೆ ಎಂಬುದನ್ನು ತಿಳಿದಿರಬೇಕು. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಕಡೆಗಳಲ್ಲಿ ಆಂತರಿಕ ಸಮಿತಿ ಇರದಿದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ತೆರೆಯ ಕೆಲಸದ ಸಂಭಾವನೆಯಲ್ಲಿ ಸಾಮಾನ್ಯವಾಗಿ ಶೇ. 10ರಷ್ಟು ತೆರಿಗೆಯನ್ನು ಮೊದಲೇ ಹಿಡಿದುಕೊಂಡು ಕೊಡುತ್ತಾರೆ. ಆದಾಯ ಕಡಿಮೆಯಿರುವವರು ರಿಟರ್ನ್ಸ್ ಸಲ್ಲಿಸಿದರೆ ಅದು ಹಿಂದಿರುಗುತ್ತದೆ. ಹೊಸಬರಲ್ಲಿ ಹಲವರು ಇದನ್ನು ತಿಳಿಯದೆ ಬಿಟ್ಟುಬಿಡುತ್ತಾರೆ.

ಯಾರಿಗೆ ಯಾವುದು

ಇಪ್ಪತ್ತೆರಡರ ಒಳಗಿದ್ದು, ಮನೆಯ ಹೊಣೆ ಇನ್ನೂ ಹೆಗಲಿಗೆ ಬಾರದವರಿಗೆ ನನ್ನ ಸಲಹೆ ಒಂದೇ: ಪದವಿ ಮುಗಿಸಿ, ರಂಗಶಾಲೆಯಲ್ಲಿ ಒಂದು ವರ್ಷ, ರೆಪರ್ಟರಿಯಲ್ಲಿ ಒಂದೆರಡು ವರ್ಷ, ಆಮೇಲೆ ಬೆಂಗಳೂರು. ನೇರವಾಗಿ ಧಾರಾವಾಹಿಗೆ ಹೋದ ಗೆಳೆಯನಿಗಿಂತ ಮೂರು ವರ್ಷ ತಡವಾದಂತೆ ಕಂಡರೂ, ನಲವತ್ತನೆಯ ವಯಸ್ಸಿನಲ್ಲಿಯೂ ಕೆಲಸ ಸಿಗುವ ಸಾಧ್ಯತೆ ಈ ದಾರಿಯಲ್ಲಿ ಹೆಚ್ಚು. ಮನೆಗೆ ಈಗಲೇ ಹಣ ಬೇಕಾದವರಿಗೆ ಈ ಸಲಹೆ ಸಲ್ಲದು; ಅವರು ನೌಕರಿ ಹಿಡಿದು, ಊರಿನ ತಂಡದಲ್ಲಿ ಆಡುತ್ತ, ದೊಡ್ಡಣ್ಣ, ದತ್ತಣ್ಣ ಅವರ ಹಾಗೆ ತಡವಾಗಿ ದಾಟುವ ಯೋಚನೆ ಮಾಡುವುದೇ ಸರಿ. ಪೋಷಕ ಪಾತ್ರಗಳಿಗೆ ವಯಸ್ಸು ಅಡ್ಡಿಯಲ್ಲ, ಅನುಭವ ತುಂಬಿದ ಮುಖಕ್ಕೆ ಬೇಡಿಕೆಯಿದೆ.

ಮಲೆನಾಡಿನ ಹೈಸ್ಕೂಲು ಹುಡುಗನಿಗೆ ತಾಳ ಕೈಹಿಡಿದಿದ್ದರೆ, ಓದು ಬಿಡಿಸದೆ ಯಕ್ಷಗಾನ ಕಲಿಸಬೇಕು. ಮೇಳಕ್ಕೆ ಹೋಗುವುದೋ ಬಿಡುವುದೋ ಹದಿನೆಂಟರ ನಂತರದ ಮಾತು. ಮದುವೆಯಾಗಿ ಮಕ್ಕಳಿರುವ, ಊರು ಬಿಡಲಾಗದ ಹೆಣ್ಣುಮಗಳಿಗೆ ಮಕ್ಕಳ ರಂಗತರಗತಿ ಮತ್ತು ಹವ್ಯಾಸಿ ನಾಟಕ ಎರಡೂ ಜೊತೆಯಾಗಿ ಹೊಂದುತ್ತವೆ, ಕಂಠದಾನಕ್ಕೆ ಆಗಾಗ ಬೆಂಗಳೂರಿಗೆ ಹೋಗಿಬರಬಹುದು. ಈಗಾಗಲೇ ಧಾರಾವಾಹಿಯಲ್ಲಿರುವವರು ಅದನ್ನು ಬಿಡಬೇಕಾಗಿಲ್ಲ. ವರ್ಷಕ್ಕೆ ಒಂದು ನಾಟಕವನ್ನಾದರೂ ಪ್ರಾಂಪ್ಟ್ ಇಲ್ಲದೆ, ಪೂರ್ತಿ ಬಾಯಿಪಾಠ ಮಾಡಿ ಆಡಬೇಕು. ರಂಗಶಾಲೆಗಳ ಪ್ರವೇಶದ ಪ್ರಕಟಣೆ ಸಾಮಾನ್ಯವಾಗಿ ಬೇಸಿಗೆಯಲ್ಲಿ ಬರುತ್ತದೆ. ಅರ್ಜಿಯ ಜೊತೆಗೆ, ಬಾಯಿಪಾಠವಾಗಿರುವ ಎರಡು ಭಿನ್ನ ರೀತಿಯ ಸಂಭಾಷಣೆಗಳನ್ನೂ ಒಂದು ಹಾಡನ್ನೂ ಈಗಿನಿಂದಲೇ ಸಿದ್ಧಮಾಡಿಕೊಂಡು, ಆಡಿದ ನಾಟಕಗಳ ಕರಪತ್ರ, ಫೋಟೊಗಳನ್ನು ಒಂದು ಕಡತದಲ್ಲಿ ಜೋಡಿಸಿಟ್ಟುಕೊಳ್ಳಬೇಕು.